ಇದಕ್ಕೆ ಬಣ್ಣ ಹಚ್ಚಿದ್ದು ಯಾರು? ನೆಬ್ಯುಲಾ ಫೋಟೋಗಳು, ಮದರಾಸು ಮತ್ತು ನಮ್ಮ ಅಪ್ಪಯ್ಯ

ಹೋದ ವಾರದ ಮಾತನ್ನ ಬರಹದಲ್ಲಿ ಕೊಡಿ ಅಂತ ಸುಮಾರು ಜನ ಕೇಳಿದ್ರಿ. ಓಎಂಆರ್ ಟ್ರಾಫಿಕ್ಕಲ್ಲಿ ಕೂತು ಕೇಳೋರಿಗೆ ವಿಡಿಯೋ ಸರಿ, ಆಫೀಸಲ್ಲಿ ಕದ್ದು ಓದೋರಿಗೆ ಇದು. ಮಾತಾಡುವಾಗ ಅಲ್ಲಲ್ಲಿ ತಡವರಿಸಿದ್ದನ್ನ ತೆಗೆದು, ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ಶುರು ಮಾಡೋದು ಒಂದು ತಪ್ಪೊಪ್ಪಿಗೆಯಿಂದ. ನಾನು ಚೆನ್ನೈಗೆ ಬಂದಿದ್ದು 2004ರಲ್ಲಿ. ಆಗ ವಾಟ್ಸಾಪ್ ಇರಲಿಲ್ಲ, ಫಾರ್ವರ್ಡ್ ಮೇಲ್ ಇತ್ತು. ಮರುವರ್ಷ ಒಂದು ಮೇಲ್ ಬಂತು. ದೊಡ್ಡ ಕಣ್ಣಿನ ಹಾಗಿರೋ ಚಿತ್ರ, ನಡುವೆ ನೀಲಿ, ಸುತ್ತ ಕೆಂಪು ರೆಪ್ಪೆ. "ದೇವರ ಕಣ್ಣು, ನಾಸಾ ತೆಗೆದ ಫೋಟೋ, 3000 ವರ್ಷಕ್ಕೊಮ್ಮೆ ಮಾತ್ರ ಕಾಣುತ್ತದೆ, ನೋಡಿದವರ ಇಷ್ಟಾರ್ಥ ಈಡೇರುತ್ತದೆ, ಏಳು ಜನಕ್ಕೆ ಕಳಿಸಿ" ಅಂತ. ನಾನು ಏಳಲ್ಲ, ಇಪ್ಪತ್ತು ಜನಕ್ಕೆ ಕಳಿಸಿದೆ. ಸಾಲದ್ದಕ್ಕೆ ಕಲರ್ ಪ್ರಿಂಟ್ ತೆಗೆದು ದೀಪಾವಳಿಗೆ ಊರಿಗೆ ಹೋದಾಗ ಅಪ್ಪಯ್ಯನ ಕೈಗೆ ಕೊಟ್ಟೆ.

ನಮ್ಮ ಅಪ್ಪಯ್ಯ ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವರು ಅದಕ್ಕೆ ಕಟ್ಟು ಹಾಕಿಸಿ ಶಾಲೆಗೆ ಒಯ್ದು, ಮಕ್ಕಳಿಗೆ ತೋರಿಸಿ, "ನನ್ನ ಮಗ ಮದ್ರಾಸಲ್ಲಿ ಇಂಜಿನಿಯರು, ಅವನೇ ಹೇಳಿದ್ದು" ಅಂತ 3000 ವರ್ಷದ ಕಥೆಯನ್ನೂ ಹೇಳಿದ್ದಾರೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಅದು ಸುಳ್ಳಂತೆ, ಪೇಪರಲ್ಲಿ ಬಂದಿತ್ತು" ಅಂದಳಂತೆ. ಅಪ್ಪಯ್ಯ ಕಟ್ಟು ಬಿಚ್ಚಿ ಚಿತ್ರವನ್ನ ಮನೆಗೆ ತಂದು ಅಟ್ಟದ ಮೇಲೆ ಇಟ್ಟರು. ನನಗೆ ಮಾತ್ರ ಏನೂ ಹೇಳಲಿಲ್ಲ.

ಇದು ನನಗೆ ಗೊತ್ತಾಗಿದ್ದು 2022ರ ಜುಲೈಯಲ್ಲಿ. 12ನೇ ತಾರೀಕು ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಬಂದವಲ್ಲ, ಅದರಲ್ಲಿ ಒಂದಕ್ಕೆ "ಕಾಸ್ಮಿಕ್ ಕ್ಲಿಫ್ಸ್" ಅಂತ ಹೆಸರಿಟ್ಟಿದ್ರು. ಕೆಳಗೆ ಕಂದು ಬಣ್ಣದ ಗುಡ್ಡ, ಮೇಲೆ ನೀಲಿ ಆಕಾಶ, ಗುಡ್ಡದ ತುದಿಯಿಂದ ಹಬೆ ಏಳ್ತಾ ಇರೋ ಹಾಗೆ. ನಾನು ಅದನ್ನ ಮನೆಯ ಗ್ರೂಪಿಗೆ ಹಾಕಿದೆ. ಅಮ್ಮ ತಕ್ಷಣ, "ಇದು ಆಗುಂಬೆ ಘಾಟಿ ಅಲ್ದಾ? ಮಳೆ ಬಿಟ್ಟ ಮೇಲೆ ಹೀಗೇ ಕಾಣ್ತದೆ" ಅಂದರು. ಅಪ್ಪಯ್ಯ ಫೋನ್ ಮಾಡಿದರು. "ಚಂದ ಉಂಟು ಮಾರಾಯ. ಆದ್ರೆ ಇದಕ್ಕೆ ಬಣ್ಣ ಹಚ್ಚಿದ್ದು ಯಾರು? ಈ ಸಲ ಸರಿಯಾಗಿ ವಿಚಾರಿಸಿ ಹೇಳು." ಆ "ಈ ಸಲ" ಯಾಕೆ ಅಂತ ಕೇಳಿದಾಗ ಹಳೇ ಕಥೆ ಹೊರಗೆ ಬಂತು. ಹದಿನೇಳು ವರ್ಷ ಹಿಂದಿನ ಸಾಲ. ಹಾಗಾಗಿ ವಿಚಾರಿಸಿದೆ. ವಿಚಾರಿಸ್ತಾ ಹೋದ ಹಾಗೆ ದಾರಿ ಪದೇ ಪದೇ ನಾವು ಬಾಡಿಗೆ ಕಟ್ಟಿಕೊಂಡಿರೋ ಈ ಊರಿಗೇ ಬಂದು ನಿಲ್ಲುತ್ತೆ ಅಂತ ಮಾತ್ರ ನಾನು ಅಂದುಕೊಂಡಿರಲಿಲ್ಲ.

ನೆಬ್ಯುಲಾಕ್ಕೆ ಕನ್ನಡದಲ್ಲಿ ನೀಹಾರಿಕೆ ಅಂತೀವಿ, ನೀಹಾರ ಅಂದ್ರೆ ಮಂಜು. ಒಳ್ಳೆ ಹೆಸರು. ಯಾಕಂದ್ರೆ ಫೋಟೋಗ್ರಫಿ ಬರೋ ತನಕ ಅದು ಬರೀ ಮಂಜೇ. 18ನೇ ಶತಮಾನದಲ್ಲಿ ಫ್ರಾನ್ಸಿನ ಶಾರ್ಲ್ ಮೆಸ್ಸಿಯೆ ಧೂಮಕೇತು ಹುಡುಕೋ ಗಡಿಬಿಡಿಯಲ್ಲಿ, "ಇವು ಧೂಮಕೇತು ಅಲ್ಲ, ಮೋಸ ಹೋಗಬೇಡಿ" ಅಂತ ಒಂದು ಪಟ್ಟಿ ಮಾಡಿಟ್ಟ. ಆ ಪಟ್ಟಿಯ ಮೊದಲನೇದನ್ನ 1844ರ ಹೊತ್ತಿಗೆ ಐರ್ಲೆಂಡಿನ ಲಾರ್ಡ್ ರಾಸ್ ತನ್ನ 36 ಇಂಚಿನ ದೂರದರ್ಶಕದಲ್ಲಿ ನೋಡಿ ಚಿತ್ರ ಬರೆದ. ಕಾಲುಗಳು ಚಾಚಿಕೊಂಡಿದ್ದಂತೆ ಇತ್ತು, ಏಡಿ ಅಂತ ಹೆಸರು ಬಂತು. ಆಮೇಲೆ 72 ಇಂಚಿನ ದೊಡ್ಡದು ಕಟ್ಟಿ ನೋಡಿದರೆ ಏಡಿಯೂ ಇಲ್ಲ, ಕಾಲೂ ಇಲ್ಲ. ಹೆಸರು ಮಾತ್ರ ಹೋಗಲಿಲ್ಲ, ಇವತ್ತಿಗೂ ಅದು ಕ್ರ್ಯಾಬ್ ನೆಬ್ಯುಲಾನೇ.

ಇಲ್ಲೇ ತಮಾಷೆ ಮುಗಿದು ಜಗಳ ಶುರುವಾಗೋದು. ಕಣ್ಣಿಗೆ ಕಂಡಿದ್ದನ್ನ ಪೆನ್ಸಿಲಲ್ಲಿ ಬರೆಯಬೇಕು. ಇಬ್ಬರು ಬರೆದದ್ದು ಬೇರೆ ಬೇರೆ ಆದರೆ ಏನರ್ಥ? ಆಕಾಶ ಬದಲಾಯ್ತೋ, ಕಣ್ಣು ಬದಲಾಯ್ತೋ?

ದೊಡ್ಡ ಜಗಳ ಆಗಿದ್ದು ಈಟಾ ಆರ್ಗಸ್ ಅನ್ನೋ ನಕ್ಷತ್ರದ ಸುತ್ತಲಿನ ನೆಬ್ಯುಲಾ ಬಗ್ಗೆ. ಈಗ ಅದನ್ನ ಕರೀನಾ ನೆಬ್ಯುಲಾ ಅಂತೀವಿ. ಇದು ದಕ್ಷಿಣದ ಆಕಾಶದ್ದು, ಲಂಡನ್ನಿನವರಿಗೆ ವರ್ಷದಲ್ಲಿ ಒಂದು ದಿನವೂ ಕಾಣೋದಿಲ್ಲ. ಜಾನ್ ಹರ್ಷೆಲ್ ಅದಕ್ಕೋಸ್ಕರವೇ 1834ರಿಂದ 1838ರವರೆಗೆ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಕೂತಿದ್ದ. ಈ ಒಂದು ಮೋಡವನ್ನ ಬರೆಯೋದಕ್ಕೇ ತಿಂಗಳುಗಟ್ಟಲೆ ತಗೊಂಡ. ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಜಾಗ ಗುರುತಿಸಿಕೊಂಡು ಅದರ ನಡುವೆ ಮೋಡವನ್ನ ಕೂರಿಸಿದ. ನಡುವೆ ಒಂದು ಕಪ್ಪು ಸಂದು ಇತ್ತು. ಅದು ಬೀಗದ ಕೈ ತೂರಿಸೋ ತೂತಿನ ಹಾಗಿದೆ ಅಂತ ಮುಂದೆ ಕೀಹೋಲ್ ಅನ್ನೋ ಹೆಸರು ನಿಂತಿತು. 1860ರ ದಶಕದಲ್ಲಿ ಟಾಸ್ಮೇನಿಯಾದ ಹೋಬಾರ್ಟಿನ ಫ್ರಾನ್ಸಿಸ್ ಅಬಟ್ ಅನ್ನೋನು, "ನಾನು ನೋಡೋ ನೆಬ್ಯುಲಾ ಹರ್ಷೆಲ್ ಬರೆದದ್ದರ ಹಾಗಿಲ್ಲ, ಅದು ಬದಲಾಗಿದೆ" ಅಂದುಬಿಟ್ಟ. ಮೂವತ್ತು ವರ್ಷದಲ್ಲಿ ಇಡೀ ಮೋಡ ರೂಪ ಬದಲಿಸೋದು ಅಂದ್ರೆ ಸಣ್ಣ ಮಾತಲ್ಲ. ಇಂಗ್ಲೆಂಡಿನ ದೊಡ್ಡವರಿಗೆ ತಾವೇ ನೋಡಿ ಪರೀಕ್ಷಿಸೋಣ ಅಂದ್ರೆ ಅವರ ಮನೆಯಿಂದ ಕಾಣೋದೇ ಇಲ್ಲ!

ಮದರಾಸಿನಿಂದ ಕಾಣುತ್ತೆ. ಲೆಕ್ಕ ಹಾಕಿ ನೋಡಿ: ಚೆನ್ನೈ 13 ಡಿಗ್ರಿ ಉತ್ತರ, ನೆಬ್ಯುಲಾ ಸುಮಾರು 60 ಡಿಗ್ರಿ ದಕ್ಷಿಣ. ಅಂದ್ರೆ ದಕ್ಷಿಣ ದಿಗಂತದಿಂದ ಹೆಚ್ಚೂಕಮ್ಮಿ 17 ಡಿಗ್ರಿ ಮೇಲಕ್ಕೆ ಬರುತ್ತೆ, ಏಪ್ರಿಲ್ ನಡುವಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ. ಇಲ್ಲಿ ಐರ್ ಬರ್ಟನ್ ಪಾವೆಲ್ ಅಂತ ಒಬ್ಬ ಗಣಿತದ ಮೇಷ್ಟ್ರು ಇದ್ದ. ಮರೀನಾದಲ್ಲಿ ನಾವು ಸುಂಡಲ್ ತಿನ್ನುತ್ತಾ ದಾಟಿಹೋಗೋ ಪ್ರೆಸಿಡೆನ್ಸಿ ಕಾಲೇಜಿನ ಮೊದಲ ಪ್ರಿನ್ಸಿಪಾಲ್. ಹಗಲು ಪಾಠ, ರಾತ್ರಿ ಜೋಡಿ ನಕ್ಷತ್ರಗಳ ಅಳತೆ. 1864ರಲ್ಲಿ ಆತ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಟಿಪ್ಪಣಿ ಪ್ರಕಟಿಸಿದ. ಆಲ್ಫಾ ಸೆಂಟಾರಿ, ದಕ್ಷಿಣದ ಇತರ ಜೋಡಿ ನಕ್ಷತ್ರಗಳು, ಮತ್ತು ಈಟಾ ಆರ್ಗಸ್ ಸುತ್ತಲಿನ ಇದೇ ನೆಬ್ಯುಲಾ ಅದರ ವಿಷಯ. ವೆಬ್ ಚಿತ್ರದಲ್ಲಿ ನಮ್ಮಮ್ಮನಿಗೆ ಆಗುಂಬೆ ಕಂಡಿದ್ದೂ ಇದೇ ಪ್ರದೇಶದ ಒಂದು ಅಂಚಿನಲ್ಲೇ. ಆ ಅಂಚಿನ ಹೆಸರು ಎನ್‌ಜಿಸಿ 3324, ದೂರ ಸುಮಾರು 7600 ಜ್ಯೋತಿರ್ವರ್ಷ.

ಅಬಟ್ ಜಗಳ ಹೇಗೆ ಮುಗೀತು ಅಂದ್ರೆ, 1890ರ ದಶಕದಲ್ಲಿ ಸಿಡ್ನಿ ಮತ್ತು ಕೇಪ್‌ನಲ್ಲಿ ಫೋಟೋ ತೆಗೆದರು. ಅಬಟ್ ಹೇಳಿದಷ್ಟು ದೊಡ್ಡ ಬದಲಾವಣೆ ಏನೂ ಆಗಿರಲಿಲ್ಲ. ಪಾಪ, ಅವನು ಸುಳ್ಳು ಹೇಳಿರಲಿಲ್ಲ. ಅವನ ದೂರದರ್ಶಕ ಚಿಕ್ಕದು, ಕಣ್ಣು ಅವನದು.

ಇನ್ನು ನಮ್ಮ ನುಂಗಂಬಾಕ್ಕಂ. ಕಾಲೇಜ್ ರೋಡಿನ ಹವಾಮಾನ ಇಲಾಖೆ ಕಚೇರಿ ಗೊತ್ತಲ್ಲ? ಚಂಡಮಾರುತ ಬಂದಾಗೆಲ್ಲ ಟಿವಿಯವರು ಮೈಕ್ ಹಿಡಿದು ನಿಲ್ಲೋ ಜಾಗ. ಅದರ ಆವರಣದಲ್ಲಿ ಒಂದು ಕಲ್ಲುಕಂಬ ಇದೆ. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ಕಟ್ಟಿದ ಮದ್ರಾಸ್ ವೇಧಶಾಲೆಯ ಕಂಬ ಅದು. ಉಪಕರಣ ಅಲುಗಾಡಬಾರದು ಅಂತ ಸುಮಾರು 10 ಟನ್ನಿನ ಗ್ರಾನೈಟ್ ನೆಟ್ಟಿದ್ದರು. ಅದರ ಮೇಲೆ ಲ್ಯಾಟಿನ್, ತಮಿಳು, ತೆಲುಗು ಮುಂತಾದ ಭಾಷೆಗಳಲ್ಲಿ ಬರೆಸಿದ್ದಾರೆ: ಏಷ್ಯಾದಲ್ಲಿ ಗಣಿತಶಾಸ್ತ್ರವನ್ನ ಮೊದಲು ನೆಟ್ಟದ್ದು ಬ್ರಿಟಿಷರ ಔದಾರ್ಯ, ಇನ್ನು ಸಾವಿರ ವರ್ಷದ ಮೇಲೆ ಬರೋರಿಗೂ ತಿಳಿಯಲಿ ಅನ್ನೋ ಅರ್ಥದಲ್ಲಿ. ಆರ್ಯಭಟ, ಭಾಸ್ಕರಾಚಾರ್ಯರು ಹುಟ್ಟಿದ ದೇಶದಲ್ಲಿ! ಓದಿದಾಗ ನಗು ಬರುತ್ತೆ, ಸ್ವಲ್ಪ ಸಿಟ್ಟೂ ಬರುತ್ತೆ. ಆದರೂ ಇಲ್ಲಿ ಕೆಲಸ ಗಟ್ಟಿಯಾಗೇ ನಡೀತು. ಟಿ.ಜಿ. ಟೇಲರ್ 11,000 ನಕ್ಷತ್ರಗಳ ಪಟ್ಟಿ ಮಾಡಿದ, ಎನ್.ಆರ್. ಪೋಗ್ಸನ್ 1861ರಲ್ಲಿ ಇಲ್ಲಿಂದಲೇ ಒಂದು ಕ್ಷುದ್ರಗ್ರಹ ಕಂಡುಹಿಡಿದು ಅದಕ್ಕೆ ಏಷ್ಯಾ ಅಂತ ಹೆಸರಿಟ್ಟ.

ನನಗೆ ಮುಖ್ಯ ಅನಿಸಿದ ಮನುಷ್ಯ ಪೋಗ್ಸನ್ ಅಲ್ಲ, ಅವನ ಕೈಕೆಳಗಿದ್ದ ಚಿಂತಾಮಣಿ ರಘುನಾಥಾಚಾರ್ಯರು. 1867ರಲ್ಲಿ ಅವರು ಆರ್ ರೆಟಿಕ್ಯುಲಿ ಅನ್ನೋ ನಕ್ಷತ್ರದ ಬೆಳಕು ಏರಿಳಿಯೋದನ್ನ ಗುರುತಿಸಿದರು. ಅದೂ ದಕ್ಷಿಣ ದಿಗಂತದ ಹತ್ತಿರದ್ದೇ. 1872ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು. 1874ರ ಡಿಸೆಂಬರ್ 9ಕ್ಕೆ ಶುಕ್ರ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಜನ ಹೆದರಬಾರದು, ಪಂಚಾಂಗದವರು ಗೊಂದಲ ಮಾಡಬಾರದು ಅಂತ ಅವರು ಮೊದಲೇ ಒಂದು ಪುಸ್ತಿಕೆ ಬರೆದರು, ಹಲವು ಭಾಷೆಗಳಲ್ಲಿ. ಅದರಲ್ಲಿ ಕನ್ನಡವೂ ಒಂದು. ಕಂಬದ ಮೇಲೆ ಕನ್ನಡ ಇಲ್ಲ ಅಂತ ಬೇಜಾರಾದವನಿಗೆ ಇದು ಸಿಕ್ಕಾಗ ಆದ ಖುಷಿ ನೀವೇ ಊಹಿಸಿ. ಸುಮಾರು ನೂರೈವತ್ತು ವರ್ಷದ ಹಿಂದೆ, ಈ ಊರಿನ ಒಬ್ಬ ನೌಕರ, ಕಣ್ಣಿಗೆ ಏನು ಕಾಣುತ್ತೆ, ಯಾಕೆ ಕಾಣುತ್ತೆ ಅಂತ ಕನ್ನಡದವರಿಗೂ ತಿಳಿಯಲಿ ಅಂದುಕೊಂಡಿದ್ದ. ನಾನು ಅದೇ ಊರಲ್ಲಿ ಕೂತು, ಕೈಯಲ್ಲಿ ಇಂಟರ್ನೆಟ್ ಇಟ್ಟುಕೊಂಡು, 3000 ವರ್ಷದ ಸುಳ್ಳನ್ನ ತೀರ್ಥಹಳ್ಳಿಗೆ ಸಾಗಿಸಿದ್ದೆ. ರಘುನಾಥಾಚಾರ್ಯರ ಬಗ್ಗೆ ಬೆಂಗಳೂರಿನ ನೆಹರು ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಅವರು ಪುಸ್ತಕ ಬರೆದಿದ್ದಾರೆ, ಸಿಕ್ಕರೆ ಓದಿ.

ಈಗ ಬಣ್ಣದ ವಿಷಯ. 1864ರಲ್ಲೇ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಒಂದು ನೆಬ್ಯುಲಾದ ಬೆಳಕನ್ನ ಪಟ್ಟಕದಲ್ಲಿ ಒಡೆದು ನೋಡಿದ. ಕಾಮನಬಿಲ್ಲಿನ ಹಾಗೆ ಏಳೂ ಬಣ್ಣ ಬರುತ್ತೆ ಅಂದುಕೊಂಡಿದ್ದವನಿಗೆ ಕಂಡಿದ್ದು ಕೆಲವೇ ಗೆರೆಗಳು, ಅದರಲ್ಲಿ ಢಾಳಾಗಿದ್ದದ್ದು ಹಸಿರು. ಅಂದ್ರೆ ಅದು ನಕ್ಷತ್ರಗಳ ಗುಂಪಲ್ಲ, ಹೊಳೆಯೋ ಅನಿಲ. ಆ ಹಸಿರು ಗೆರೆ ಯಾವ ವಸ್ತುವಿನದು ಅಂತ ಗೊತ್ತಾಗದೆ ನೆಬ್ಯುಲಿಯಂ ಅಂತ ಹೊಸ ಮೂಲವಸ್ತುವನ್ನೇ ಕಲ್ಪಿಸಿಕೊಂಡರು. ಸುಮ್ಮನೆ ಹುಚ್ಚು ಅಂತ ತಳ್ಳಿಹಾಕೋ ಹಾಗಿರಲಿಲ್ಲ. 1868ರ ಆಗಸ್ಟ್ 18ರ ಸೂರ್ಯಗ್ರಹಣದಲ್ಲಿ ಗುಂಟೂರಿಗೆ ಜಾನ್ಸೆನ್, ಮಚಲಿಪಟ್ಟಣಕ್ಕೆ ನಮ್ಮ ಪೋಗ್ಸನ್ ಹೋಗಿ ನೋಡಿದಾಗ ಹಳದಿ ಗೆರೆ ಒಂದು ಕಂಡು, ಅದು ಹೀಲಿಯಂ ಅಂತ ಮುಂದೆ ಸಾಬೀತಾಯ್ತಲ್ಲ! ಆದರೆ ನೆಬ್ಯುಲಿಯಂ ಅದೃಷ್ಟ ಅಷ್ಟಿರಲಿಲ್ಲ. 1927ರಲ್ಲಿ ಐರಾ ಬೋವೆನ್ ಅದು ನಾವು ಉಸಿರಾಡೋ ಆಮ್ಲಜನಕವೇ, ಎರಡು ಎಲೆಕ್ಟ್ರಾನ್ ಕಳಕೊಂಡ ಸ್ಥಿತಿಯಲ್ಲಿ ಹೀಗೆ ಹೊಳೆಯುತ್ತೆ ಅಂತ ತೋರಿಸಿಕೊಟ್ಟ.

ಅಂದ್ರೆ ನೆಬ್ಯುಲಾಕ್ಕೆ ನಿಜವಾದ ಬಣ್ಣ ಇದೆ. ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೆ. ಮಂದ ಬೆಳಕಲ್ಲಿ ಕಣ್ಣು ಬಣ್ಣ ಗುರುತಿಸೋದು ಬಿಟ್ಟು ಬರೀ ಕಪ್ಪು ಬಿಳುಪು ನೋಡುತ್ತೆ. ಕರೆಂಟ್ ಹೋದಾಗ ಬೀರುವಿನಲ್ಲಿ ಸೀರೆ ಹುಡುಕಿದೋರಿಗೆ ಇದು ಗೊತ್ತು. ಕ್ಯಾಮೆರಾಗೆ ಆ ಕಷ್ಟ ಇಲ್ಲ, ಅದು ಗಂಟೆಗಟ್ಟಲೆ ಬೆಳಕು ಕೂಡಿಟ್ಟುಕೊಳ್ಳುತ್ತೆ. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಒರಾಯನ್ ನೆಬ್ಯುಲಾದ ಮೊದಲ ಫೋಟೋ ತೆಗೆದ. ಒರಾಯನ್ ಅಂದ್ರೆ ನಮ್ಮ ಮೃಗಶಿರಾ, ಆರಿದ್ರಾ ಇರೋ ಕಡೆ. ನಮ್ಮೂರಲ್ಲಿ ಅದು ಮಳೆಯ ಹೆಸರು, ಇಲ್ಲಿ ತಿರುವಾದಿರೈ, ಚಿದಂಬರದ ನಟರಾಜನ ನಕ್ಷತ್ರ. ಒಂದೇ ಆಕಾಶದ ತುಂಡಲ್ಲಿ ಗ್ರೀಕರಿಗೆ ಬೇಟೆಗಾರ, ನಮಗೆ ಜಿಂಕೆ ತಲೆ.

ತಲೆ ಅಂದಾಗ ಕುದುರೆ ತಲೆ ನೆನಪಾಗುತ್ತೆ. ಅದೇ ಒರಾಯನ್ನಿನ ಪಟ್ಟಿಯ ಕೆಳಗೆ ಹಾರ್ಸ್‌ಹೆಡ್ ನೆಬ್ಯುಲಾ ಇದೆ. 1888ರಲ್ಲಿ ಹಾರ್ವರ್ಡ್ ವೇಧಶಾಲೆಯ ಒಂದು ಗಾಜಿನ ಪ್ಲೇಟಿನಲ್ಲಿ ಅದನ್ನ ಮೊದಲು ಗುರುತಿಸಿದ್ದು ವಿಲಿಯಮಿನಾ ಫ್ಲೆಮಿಂಗ್. ಅಲ್ಲಿಯ ನಿರ್ದೇಶಕ ಪಿಕರಿಂಗ್ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು, ಆಮೇಲೆ ವೇಧಶಾಲೆಗೆ ಬಂದವರು. ಅವರು ಕುದುರೆ ಗಿದುರೆ ಅನ್ನಲಿಲ್ಲ, ಅರ್ಧವೃತ್ತದ ಹಾಗೆ ಒಂದು ಕಡೆ ಕಚ್ಚಿದಂತಿದೆ ಅಂತ ಬರೆದಿಟ್ಟರು. ಮುಂದೆ ಪಟ್ಟಿ ಅಚ್ಚಾದಾಗ ಅದರಲ್ಲಿ ಅವರ ಹೆಸರು ಹೋಗಿ ಬರೀ ಪಿಕರಿಂಗ್ ಅಂತ ಉಳೀತು. ಪ್ರಾಜೆಕ್ಟ್ ಮುಗಿದ ಮೇಲೆ ಬರೋ ಮೆಚ್ಚುಗೆಯ ಮೇಲ್‌ನಲ್ಲಿ ಯಾರ ಹೆಸರು ಇರುತ್ತೆ, ಯಾರದ್ದು ಇರಲ್ಲ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಬಿಡಿ.

ಹಬಲ್ ಬಂದ ಮೇಲೆ ಪ್ರಶ್ನೆ ಇನ್ನೂ ಸಿಕ್ಕಾಯ್ತು. 1995ರ ಏಪ್ರಿಲ್ 1ರಂದು ತೆಗೆದ "ಪಿಲರ್ಸ್ ಆಫ್ ಕ್ರಿಯೇಷನ್" ನೋಡಿರ್ತೀರಿ, ಆನೆ ಸೊಂಡಿಲಿನ ಹಾಗೆ ಮೂರು ಕಂಬ. ಅಲ್ಲಿ ಗಂಧಕದ ಬೆಳಕನ್ನ ಕೆಂಪು, ಹೈಡ್ರೋಜನ್‌ದನ್ನ ಹಸಿರು, ಆಮ್ಲಜನಕದ್ದನ್ನ ನೀಲಿ ಮಾಡಿದ್ದಾರೆ. ನಿಜದಲ್ಲಿ ಗಂಧಕ, ಹೈಡ್ರೋಜನ್ ಎರಡೂ ಕೆಂಪೇ. ಇದ್ದ ಹಾಗೇ ಬಿಟ್ಟರೆ ಯಾವುದು ಯಾವುದು ಅಂತ ಗೊತ್ತಾಗಲ್ಲ, ಅದಕ್ಕೆ ಬೇರೆ ಮಾಡಿದ್ದು. ವೆಬ್ ನೋಡೋದಂತೂ ಹೆಚ್ಚಿನಂಶ ಇನ್‌ಫ್ರಾರೆಡ್, ಕಣ್ಣಿಗೆ ಬೀಳದ ಬೆಳಕು. ಅದನ್ನ ಅನುಕ್ರಮ ತಪ್ಪಿಸದೆ ನಮ್ಮ ಕಣ್ಣಿನ ವ್ಯಾಪ್ತಿಗೆ ತರ್ತಾರೆ, ಉದ್ದ ಅಲೆ ಕೆಂಪು, ಗಿಡ್ಡ ಅಲೆ ನೀಲಿ. ಡಿಸೆಂಬರ್ ಕಚೇರಿಗೆ ಹೋಗೋರಿಗೆ ಹೀಗೆ ಹೇಳಬಹುದು: ಒಂದು ಶ್ರುತಿಯಲ್ಲಿ ಹಾಡಿದ್ದನ್ನ ಐದು ಶ್ರುತಿಗೆ ಎತ್ತಿದ ಹಾಗೆ. ರಾಗ ಅದೇ.

ಎಲಿಜಬೆತ್ ಕೆಸ್ಲರ್ ಅನ್ನೋ ಕಲಾ ಇತಿಹಾಸಕಾರ್ತಿ 2012ರಲ್ಲಿ ಒಂದು ಪುಸ್ತಕ ಬರೆದು, ಹಬಲ್ ಚಿತ್ರಗಳು 19ನೇ ಶತಮಾನದ ಅಮೆರಿಕದ ಪಶ್ಚಿಮದ ಬೆಟ್ಟ ಕಣಿವೆಗಳ ಪೇಂಟಿಂಗ್‌ಗಳನ್ನ ಹೋಲುತ್ತವೆ, ಮೇಲ್ಯಾವುದು ಕೆಳಗ್ಯಾವುದು ಅನ್ನೋದರಲ್ಲೂ ಬಣ್ಣದ ಆಯ್ಕೆಯಲ್ಲೂ ಆ ರುಚಿ ಇದೆ ಅಂತ ವಾದಿಸಿದ್ದಾರೆ. ನನಗೆ ಇದು ಸರಿ ಅನಿಸುತ್ತೆ. ಬಾಹ್ಯಾಕಾಶದಲ್ಲಿ ಮೇಲು ಕೆಳಗು ಎಲ್ಲಿದೆ? ಗುಡ್ಡ ಕೆಳಗೆ, ಆಕಾಶ ಮೇಲೆ ಅಂತ ಕೂರಿಸಿದವರು ಮನುಷ್ಯರೇ. ಆದರೆ ಅವರು ಅರಿಜೋನಾ ನೆನೆಸಿಕೊಂಡು ಕೂರಿಸಿದರೂ ನಮ್ಮಮ್ಮನಿಗೆ ಕಂಡಿದ್ದು ಆಗುಂಬೆ. ಅದರ "ಶಿಖರ"ಗಳ ಎತ್ತರ ಸುಮಾರು 7 ಜ್ಯೋತಿರ್ವರ್ಷ ಅಂದೆ. "ಹಾಗಾದ್ರೆ ಬಸ್ಸಿಗೆ ಹತ್ತೋದು ಕಷ್ಟ" ಅಂದರು ಅಮ್ಮ.

ಇಷ್ಟನ್ನೂ ಅಪ್ಪಯ್ಯನಿಗೆ ಫೋನಲ್ಲಿ ಮೂರು ದಿನ ಕಂತು ಕಂತಾಗಿ ಹೇಳಿದೆ. ಸುಳ್ಳು ಬಣ್ಣ ಅಂತ ಬೈತಾರೇನೋ ಅಂದುಕೊಂಡಿದ್ದೆ. ಅವರು, "ಶಾಲೆ ಗೋಡೆ ಮೇಲೆ ನಾನು ಇಂಡಿಯಾ ಮ್ಯಾಪು ಬರೆದಿದ್ನಲ್ಲ, ಕರ್ನಾಟಕಕ್ಕೆ ಹಳದಿ, ಕೇರಳಕ್ಕೆ ಹಸಿರು. ಆಗುಂಬೆ ದಾಟಿ ಹೋದ್ರೆ ನೆಲ ಹಳದಿ ಇರ್ತದಾ? ಗಡಿ ಸರಿ ಇತ್ತು, ಅಷ್ಟು ಸಾಕು" ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಅದರ ಕೆಳಗೆ ಯಾವ ಬಣ್ಣ ಏನು ಅಂತ ಬರೆದಿದ್ದೆ. ಇವರೂ ಬರೀಬೇಕು" ಅಂದರು. ಬರೀತಾರೆ ಅಪ್ಪಯ್ಯ, ಫಾರ್ವರ್ಡ್ ಮಾಡೋರು ಅದನ್ನ ಕತ್ತರಿಸ್ತಾರೆ.

ಮತ್ತೆ ಆ ಕಣ್ಣು? ಅದು ಹೆಲಿಕ್ಸ್ ನೆಬ್ಯುಲಾ, ಸುಮಾರು 650 ಜ್ಯೋತಿರ್ವರ್ಷ ದೂರ. 2003ರ ಮೇಯಲ್ಲಿ ಬಿಡುಗಡೆಯಾದ ಚಿತ್ರ, ಹಬಲ್ ಮತ್ತು ಅಮೆರಿಕದ ಕಿಟ್ ಪೀಕ್‌ನ ಫೋಟೋಗಳನ್ನ ಜೋಡಿಸಿದ್ದು. ಚಿತ್ರ ನಿಜ, ಅನಿಲಗಳು ನಿಜ. 3000 ವರ್ಷ ಅನ್ನೋದು ಮಾತ್ರ ಯಾರೋ ಕೂತು ಕಟ್ಟಿದ್ದು. ಆ ನೆಬ್ಯುಲಾ ಅಲ್ಲೇ ಇದೆ, ವರ್ಷವರ್ಷವೂ ಕುಂಭ ರಾಶಿಯಲ್ಲಿ. ಸೂರ್ಯನಂಥ ಒಂದು ನಕ್ಷತ್ರ ಸಾಯುವಾಗ ಹೊರಗೆ ಚೆಲ್ಲಿದ ಅನಿಲ ಅದು, ನಡುವೆ ಉಳಿದಿರೋ ಚುಕ್ಕೆ ಶ್ವೇತಕುಬ್ಜ. ಅಂಥ ಶ್ವೇತಕುಬ್ಜ ಎಷ್ಟು ಭಾರದ ತನಕ ತಾಳಿಕೊಳ್ಳುತ್ತೆ ಅನ್ನೋ ಲೆಕ್ಕವನ್ನ 1930ರಲ್ಲಿ ಇಂಗ್ಲೆಂಡಿಗೆ ಹೋಗೋ ಹಡಗಿನಲ್ಲಿ ಕೂತು ಹಾಕಿದ್ದು ಹತ್ತೊಂಬತ್ತು ವರ್ಷದ ಹುಡುಗ, ಸುಬ್ರಹ್ಮಣ್ಯನ್ ಚಂದ್ರಶೇಖರ್. ಓದಿದ್ದು ಎಲ್ಲಿ ಅಂದ್ರಿ? ಪಾವೆಲ್ ಕಟ್ಟಿ ಬೆಳೆಸಿದ ಅದೇ ಪ್ರೆಸಿಡೆನ್ಸಿ ಕಾಲೇಜಲ್ಲಿ. "ದೇವರ ಕಣ್ಣಿನ" ಪಾಪೆಯ ಲೆಕ್ಕ ನನ್ನ ಆಫೀಸಿನಿಂದ ಅರ್ಧ ಗಂಟೆ ದೂರದಲ್ಲಿ ಇತ್ತು.

ವೇಧಶಾಲೆಯ ಮುಖ್ಯ ಕೆಲಸ 1899ರಲ್ಲಿ ಕೊಡೈಕನಾಲಿಗೆ ಹೋಯ್ತು. ಇದ್ದಬದ್ದದ್ದೂ 1931ಕ್ಕೆ ಮುಚ್ಚಿತು. ಅದರ ವಂಶ ಈಗ ಬೆಂಗಳೂರಿನ ಕೋರಮಂಗಲದಲ್ಲಿರೋ ಭಾರತೀಯ ಖಭೌತ ಸಂಸ್ಥೆ, ಅದರ ಕಣ್ಣು ಕಾವಲೂರಿನಲ್ಲಿ. ಶುಕ್ರವಾರ ಸಂಜೆ ನಾವು ಊರಿಗೆ ಓಡೋ ರೈಲು ಆಂಬೂರು, ವಾಣಿಯಂಬಾಡಿ ದಾಟುವಾಗ ಎಡಗಡೆ ಕಾಣೋ ಜವ್ವಾದಿ ಬೆಟ್ಟದಲ್ಲಿದೆ ಅದು. ಮದರಾಸಿನಲ್ಲೇ ಹುಟ್ಟಿದ ವೇಣು ಬಾಪು ಕಟ್ಟಿದ್ದು. 2.34 ಮೀಟರಿನ ದೊಡ್ಡ ದೂರದರ್ಶಕಕ್ಕೆ ಅವರದೇ ಹೆಸರು. ಮೊಬೈಲ್‌ನಿಂದ ಒಂದು ನಿಮಿಷ ತಲೆ ಎತ್ತಿ ನೋಡಿ.

ಈ ಏಪ್ರಿಲಲ್ಲಿ ಊರಿಗೆ ಹೋದಾಗ ಬೈನಾಕ್ಯುಲರ್ ಒಯ್ದಿದ್ದೆ. ಅಮಾವಾಸ್ಯೆ ಹತ್ತಿರ ಇತ್ತು. ನಮ್ಮ ಮನೆ ದಕ್ಷಿಣಕ್ಕೆ ಗದ್ದೆ ಬಯಲು, ಅಡ್ಡ ಏನೂ ಇಲ್ಲ. ಒಂಬತ್ತು ಗಂಟೆಗೆ ಅಪ್ಪಯ್ಯನನ್ನ ಕುರ್ಚಿ ಹಾಕಿ ಕೂರಿಸಿ, ಪಾವೆಲ್ ನೋಡಿದ್ದ ಆ ಮೋಡದ ಕಡೆ ತಿರುಗಿಸಿಕೊಟ್ಟೆ. ಕಣ್ಣಿನ ಆಪರೇಷನ್ ಆಗಿದೆ, ಕಾಣುತ್ತೋ ಇಲ್ಲವೋ ಅಂತ ನನಗೆ ಅನುಮಾನ. ಬಹಳ ಹೊತ್ತು ನೋಡಿದರು. ಬಣ್ಣ ಇಲ್ಲ, ಘಾಟಿ ಇಲ್ಲ, ಕೀಹೋಲೂ ಇಲ್ಲ. "ಬೋರ್ಡ್ ಒರೆಸಿದಾಗ ಸೀಮೆಸುಣ್ಣ ಉಳೀತದಲ್ಲ, ಹಾಗುಂಟು" ಅಂದರು. ಒಳಗಿಂದ ಪೆನ್ಸಿಲ್, ರಟ್ಟು ತರಿಸಿಕೊಂಡು, ಟಾರ್ಚಿಗೆ ಕೆಂಪು ಕಾಗದ ಸುತ್ತಿ ಹಿಡಿ ಅಂತ ನನಗೆ ಹೇಳಿ, ಬೆರಳಲ್ಲಿ ಸೀಸವನ್ನ ಉಜ್ಜಿ ಉಜ್ಜಿ ಆ ಮಂಜನ್ನ ಬರೆದರು. ಕೆಳಗೆ ತಾರೀಕು, ಗಂಟೆ, "ಬರಿಗಣ್ಣಿಗೆ ಮಸುಕು, ಬೈನಾಕ್ಯುಲರಿನಲ್ಲಿ ಬೂದಿ ಬಣ್ಣ" ಅಂತ ಬರೆದು ಸಹಿ ಹಾಕಿದರು.

ಬೆಳಿಗ್ಗೆ ನೋಡಿದರೆ ಅಟ್ಟದ ಮೇಲಿದ್ದ ಹಳೇ ಕಣ್ಣು ಕೆಳಗೆ ಬಂದಿತ್ತು. ಅದರ ಕೆಳಗೂ ಪೆನ್ಸಿಲಲ್ಲಿ ಒಂದು ಸಾಲು: "ಹೆಲಿಕ್ಸ್. ಪ್ರತಿ ವರ್ಷ ಕಾಣುತ್ತದೆ."